ಓದಿ ತೋರಿಸು, ಕೇಳತೀನಿ
(ಮಹಿಳಾ ವೇದಿಕೆಯ ವಾರ್ಷಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿ ಅಕ್ಕ ಫೋನ್ ಮಾಡಿ, "ನೀನು ಐಟಿಯಲ್ಲಿದ್ದೀಯಲ್ಲ, ಉದ್ಯೋಗಸ್ಥ ಮಹಿಳೆಯ ಸವಾಲುಗಳು ಅಂತ ಸ್ವಲ್ಪ ಮಾತಾಡು" ಅಂದಿದ್ದರು. ಒಪ್ಪಿಕೊಂಡೆ. ಆದರೆ ಆ ವಿಷಯದ ಮೇಲೆ ನಾವೆಲ್ಲ ಎಷ್ಟು ಭಾಷಣ ಕೇಳಿದ್ದೇವೆ ಅಂದರೆ, ನಾನು ಒಂದು ವಾಕ್ಯ ಶುರು ಮಾಡಿದರೆ ಅದನ್ನು ನೀವೇ ಮುಗಿಸುತ್ತೀರಿ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಅಕ್ಕನ ಅನುಮತಿ ಪಡೆದು ವಿಷಯ ಬದಲಾಯಿಸಿದ್ದೇನೆ. ಇವತ್ತು ನಾನು ಮಾತಾಡುವುದು ವಿದ್ಯಾರ್ಥಿಗಳೇ ನಡೆಸುವ ಬರವಣಿಗೆ ಕೇಂದ್ರಗಳ ಬಗ್ಗೆ. ಕೊನೆಯಲ್ಲಿ ನಿಮ್ಮ ಹತ್ತಿರ ಒಂದು ಬೇಡಿಕೆಯೂ ಇದೆ, ಅದಕ್ಕೇ ದಯವಿಟ್ಟು ಮಧ್ಯದಲ್ಲಿ ಚಹಾಕ್ಕೆ ಎದ್ದು ಹೋಗಬೇಡಿ.

ಎರಡು ತಿಂಗಳ ಹಿಂದೆ ಸಂಘದ ಮೂಲಕ ಪರಿಚಯವಾದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ವಿಜಯಪುರ ಜಿಲ್ಲೆಯವಳು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಶಿವಾಜಿನಗರದಲ್ಲಿ ಪೀಜಿಯಲ್ಲಿದ್ದುಕೊಂಡು ಎಂಟೆಕ್ ಓದುತ್ತಿದ್ದಾಳೆ. ಸೆಮಿನಾರಿನ ವರದಿ ಬರೆದಿದ್ದಳು. ಬರೆದಿದ್ದಳು ಅಂದರೆ ಅರ್ಧ ಅವಳು, ಅರ್ಧ ಚಾಟ್‌ಜಿಪಿಟಿ. ಇಂಗ್ಲಿಷ್ ಬಹಳ ಚೊಕ್ಕವಾಗಿತ್ತು. ಆದರೆ ಗೈಡ್ ಮೂರನೆಯ ಪುಟ ತೆಗೆದು, "ಈ ಪ್ಯಾರಾದಲ್ಲಿ ಏನು ಹೇಳಿದ್ದೀಯ, ವಿವರಿಸು" ಎಂದು ಕೇಳಿದಾಗ ಅವಳ ಬಾಯಿಂದ ಮಾತೇ ಹೊರಡಲಿಲ್ಲವಂತೆ. ನಮ್ಮ ಅಡುಗೆಮನೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಾ ಹೇಳಿದಳು: "ಅಕ್ಕಾ, ಪ್ರಯೋಗ ನಂದ ಐತ್ರಿ, ರೀಡಿಂಗೂ ನಂದ. ಆದ್ರ ಹೇಳಾಕ ಬರವಲ್ದು."

ಆ ಮಾತು ಕೇಳಿ ನನಗೆ ನನ್ನ ಹಾಸ್ಟೆಲ್ಲಿನ ದಿನಗಳು ನೆನಪಾದವು.

ನಾನು ಬಾಗಲಕೋಟೆ ಕಡೆಯವಳು. ಹದಿಮೂರು ವರ್ಷದ ಹಿಂದೆ ಎಂಟೆಕ್ ಓದಲು ಪುಣೆಗೆ ಬಂದೆ. ಲೆಕ್ಕ ಬರುತ್ತಿತ್ತು, ಪ್ರೋಗ್ರಾಮಿಂಗ್ ಬರುತ್ತಿತ್ತು. ಬರೆಯಲು ಮಾತ್ರ ಕೈ ನಡುಗುತ್ತಿತ್ತು. ನನ್ನ ಮೊದಲ ವರದಿ ವಾಪಸ್ ಬಂದಾಗ ಪ್ರತಿ ಪುಟದಲ್ಲೂ ಕೆಂಪು ಗೆರೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ತಪ್ಪಿದೆ ಅಂತ ಗೊತ್ತಾಯಿತು, ಏನು ತಪ್ಪು ಅಂತ ಗೊತ್ತಾಗಲಿಲ್ಲ. ಅದನ್ನು ಹಿಡಿದುಕೊಂಡು ಮೆಸ್ಸಿನಲ್ಲಿ ಮಂಕಾಗಿ ಕೂತಿದ್ದೆ. ಎದುರಿಗೆ ಒಬ್ಬ ಸೀನಿಯರ್ ತಟ್ಟೆ ಇಟ್ಟು ಕೂತರು. ಸೋಲಾಪುರದವರು. ಮನೆಮಾತು ಕನ್ನಡ, ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಆದರೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ನನ್ನ ಕಾಗದ ನೋಡಿ, "ಓದಿ ತೋರಿಸು, ಕೇಳತೀನಿ" ಅಂದರು.

ನಾಲ್ಕು ಪುಟ ಓದಿದೆ. ಅವರು ಪೆನ್ ಮುಟ್ಟಲಿಲ್ಲ. ವ್ಯಾಕರಣದ ಸುದ್ದಿ ಎತ್ತಲಿಲ್ಲ. "ಈಗ ಇದನ್ನ ಕನ್ನಡದಾಗ ಹೇಳು" ಅಂದರು ಅಷ್ಟೇ. ನನ್ನ ವಿಷಯ ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್. ಒಂದು ಹೊಲದ ತುಂಬ ಸಣ್ಣ ಸಣ್ಣ ಸೆನ್ಸರ್ ನೆಟ್ಟಿರುತ್ತಾರೆ ಅಂದುಕೊಳ್ಳಿ. ದೂರದ ಸೆನ್ಸರ್ ತನ್ನ ಸುದ್ದಿಯನ್ನು ಪಕ್ಕದ್ದಕ್ಕೆ ದಾಟಿಸುತ್ತದೆ, ಅದು ಮುಂದಿನದಕ್ಕೆ, ಹೀಗೆ ಸುದ್ದಿ ಕೇಂದ್ರಕ್ಕೆ ತಲುಪುತ್ತದೆ. ನಾನು ಕನ್ನಡದಲ್ಲಿ ಹೇಳಿದೆ: "ಕೇಂದ್ರದ ಹತ್ತಿರ ಇರೋ ಸೆನ್ಸರ್ ಎಲ್ಲಾರ ಸುದ್ದೀನೂ ಹೊರಬೇಕು. ಅದಕ್ಕ ಅದರ ಬ್ಯಾಟರಿ ಎಲ್ಲಕ್ಕಿಂತ ಮೊದಲ ಮುಗೀತದ. ಅದು ಸತ್ತರೆ ದೂರದವು ಚಲೋ ಇದ್ದರೂ ಸುದ್ದಿ ಮುಟ್ಟಂಗಿಲ್ಲ." ಅವರು ಕೇಳಿದರು: "ಇದನ್ನ ಎಲ್ಲಿ ಬರದೀದಿ, ತೋರಿಸು." ಹುಡುಕಿದೆ. ನಾಲ್ಕು ಪುಟದಲ್ಲಿ ಆ ಮಾತು ಎಲ್ಲೂ ಇರಲಿಲ್ಲ! ದೊಡ್ಡ ದೊಡ್ಡ ಶಬ್ದಗಳಿದ್ದವು. ನಾನು ಹೇಳಬೇಕಾದ ಮುಖ್ಯ ಮಾತೇ ಇರಲಿಲ್ಲ.

ಆ ರಾತ್ರಿ ನಾನು ವರದಿಯನ್ನು ಮೊದಲಿನಿಂದ ಬರೆದೆ. ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು. ಆದರೆ ಯಾರು ಎಲ್ಲಿಂದ ಪ್ರಶ್ನೆ ಕೇಳಿದರೂ ಉತ್ತರ ಹೇಳುವ ಧೈರ್ಯ ಬಂದಿತ್ತು.

ಆ ಮೂಲೆ ಟೇಬಲ್ಲು ನನಗಿಂತ ಒಂದು ವರ್ಷ ಮುಂಚೆ ಶುರುವಾಗಿತ್ತು. ಬೋರ್ಡ್ ಇಲ್ಲ, ಅಧ್ಯಕ್ಷರಿಲ್ಲ, ಉದ್ಘಾಟನೆಯೂ ಆಗಿರಲಿಲ್ಲ. ಮಂಗಳವಾರ, ಶುಕ್ರವಾರ ರಾತ್ರಿ ಊಟವಾದ ಮೇಲೆ ಟೇಬಲ್ ಒರೆಸಿ ಕೂರುವುದು. ನಾಲ್ಕು ನಿಯಮ ಇದ್ದವು. ಬರೆದವಳೇ ಗಟ್ಟಿಯಾಗಿ ಓದಬೇಕು. ಕೇಳುವವಳ ಕೈಯಲ್ಲಿ ಪೆನ್ ಇರಬಾರದು. ಒಬ್ಬರಿಗೆ ಅರ್ಧ ಗಂಟೆ. ಮತ್ತು ಇಲ್ಲಿ ಸಹಾಯ ಪಡೆದವಳು ಮುಂದಿನ ಸೆಮಿಸ್ಟರಿನಲ್ಲಿ ಇನ್ನೊಬ್ಬಳ ಬರಹ ಕೇಳಬೇಕು.

ನಾನು ಕೊಟ್ಟ ಫೀಸು ಬೇರೆ ಥರದ್ದು. ಸೋಲಾಪುರದ ಅಕ್ಕನ ಅಜ್ಜಿ ಅಕ್ಕಲಕೋಟೆಯಲ್ಲಿದ್ದರು. ಅವರಿಗೆ ಓದಲು ಬರುವುದು ಕನ್ನಡ ಒಂದೇ. ಮೊಮ್ಮಗಳಿಗೆ ಬರೆಯಲು ಬರುವುದು ಮರಾಠಿ, ಇಂಗ್ಲಿಷ್. ಅದಕ್ಕೆ ನಾನು ಅವರಿಗೆ ಕನ್ನಡ ಅಕ್ಷರ ಕಲಿಸಿದೆ. ಮೂರು ತಿಂಗಳಲ್ಲಿ ಅಜ್ಜಿಗೆ ಒಂದು ಪತ್ರ ಬರೆದು ತಂದರು. ಅಜ್ಜಿಯ ಕಾಲು ನೋವು ಹೇಗಿದೆ ಎಂದು ಕೇಳುವಲ್ಲಿ "ಕಲು ನೋವು" ಎಂದು ಬರೆದಿದ್ದರು. ನನ್ನ ಬಾಯಿ ತುದಿಗೆ ಬಂದಿತ್ತು, ಆದರೆ ನಿಯಮ ನಿಯಮವೇ. "ಓದಿ ತೋರಿಸ್ರಿ, ಕೇಳತೀನಿ" ಅಂದೆ. ಓದುತ್ತಾ ಅವರೇ ನಿಂತರು. "ಅಯ್ಯ, ದೀರ್ಘಾನ ಕೊಟ್ಟಿಲ್ಲ!" ಎಂದು ನಕ್ಕು ತಿದ್ದಿಕೊಂಡರು. ಆ ದೀರ್ಘವನ್ನು ಅವರು ಮತ್ತೆಂದೂ ಮರೆಯಲಿಲ್ಲ. ನಾನು ತಿದ್ದಿಕೊಟ್ಟಿದ್ದರೆ ಮುಂದಿನ ಪತ್ರದಲ್ಲೂ ನಾನೇ ತಿದ್ದಬೇಕಾಗುತ್ತಿತ್ತು.

ಇಂಥ ಜಾಗಕ್ಕೆ ರೈಟಿಂಗ್ ಸೆಂಟರ್ ಎಂಬ ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ 1930ರ ದಶಕದಲ್ಲೇ ಬರವಣಿಗೆಯ ಪ್ರಯೋಗಾಲಯಗಳು ಇದ್ದವು. ಆದರೆ ಅದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟ ಕಥೆ ಸ್ವಾರಸ್ಯವಾಗಿದೆ. 1970ರಲ್ಲಿ ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿ ತನ್ನ ಬಾಗಿಲು ತೆರೆಯಿತು. ನಗರದಲ್ಲಿ ಹೈಸ್ಕೂಲ್ ಮುಗಿಸಿದ ಯಾರಿಗಾದರೂ ಸೀಟು. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಬುದ್ಧಿ ಇತ್ತು, ಕಾಲೇಜಿನ ಬರವಣಿಗೆ ಗೊತ್ತಿರಲಿಲ್ಲ. ಅವರಿಗೆಂದು ಸಹಾಯದ ವ್ಯವಸ್ಥೆ ಮಾಡಿದರೆ ಅನೇಕರು ಅತ್ತ ಬರಲೇ ಇಲ್ಲ. ಬ್ರೂಕ್ಲಿನ್ ಕಾಲೇಜಿನಲ್ಲಿ ಕೆನೆತ್ ಬ್ರಫಿ ಎಂಬ ಪ್ರಾಧ್ಯಾಪಕರು ಇದರ ಕಾರಣ ಗುರುತಿಸಿದರು. ಆ ಮಕ್ಕಳಿಗೆ ಅದೂ ಇನ್ನೊಂದು ತರಗತಿಯ ಹಾಗೇ ಕಾಣುತ್ತಿತ್ತು. ಅದಕ್ಕೆ ಅವರು ವಿದ್ಯಾರ್ಥಿಗಳನ್ನೇ ತಯಾರು ಮಾಡಿ ವಿದ್ಯಾರ್ಥಿಗಳ ಎದುರು ಕೂರಿಸಿದರು. ಮಾರ್ಕ್ಸ್ ಕೊಡುವ ಅಧಿಕಾರ ಇಲ್ಲದವರ ಮುಂದೆ ಹುಡುಗರು ಬಾಯಿ ಬಿಟ್ಟರು.

ಪರ್ಡ್ಯೂ ವಿಶ್ವವಿದ್ಯಾಲಯದ ಬರವಣಿಗೆ ಪ್ರಯೋಗಾಲಯ 1976ರಲ್ಲಿ ಶುರುವಾಯಿತು. 1994ರಲ್ಲಿ ಅದು ಆನ್‌ಲೈನಿಗೂ ಬಂತು. ಇಲ್ಲಿ ಎಂಟೆಕ್, ಪಿಎಚ್‌ಡಿ ಮಾಡಿದವರಲ್ಲಿ ಬಹಳ ಜನ ಪ್ರಬಂಧದ ಕೊನೆಯ ಆಕರಪಟ್ಟಿ ಮಾಡುವಾಗ ರಾತ್ರಿ ಎರಡು ಗಂಟೆಗೆ ಆ ತಾಣ ತೆರೆದಿರುತ್ತೀರಿ. ನಾನೂ ತೆರೆದಿದ್ದೇನೆ.

ಹಾಗಂತ ಇದೆಲ್ಲ ಹೊರಗಿನಿಂದ ಬಂದ ವಿಚಾರ ಅಂದುಕೊಳ್ಳಬೇಡಿ. ಹೆಸರು ಹೊರಗಿನದು, ಕೆಲಸ ನಮ್ಮಲ್ಲೂ ಹಳೆಯದೇ. ನಾವಿರುವ ಈ ಪುಣೆಯಲ್ಲೇ ನೋಡಿ. 1848ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಅವರ ಶಾಲೆಯಲ್ಲಿ ಓದಿದ ಮುಕ್ತಾ ಸಾಳ್ವೆ ಎಂಬ ಮಾಂಗ ಸಮುದಾಯದ ಹುಡುಗಿ, ಹದಿನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಮಾಂಗ ಮತ್ತು ಮಹಾರ ಜನರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. ಅದು 1855ರಲ್ಲಿ ಜ್ಞಾನೋದಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಕ್ಷರ ಕಲಿತು ಕೆಲವೇ ವರ್ಷಗಳಾಗಿದ್ದ ಹುಡುಗಿ ತಾನು ಕಂಡು ಉಂಡಿದ್ದನ್ನು ಬರೆದಳು, ಅದಕ್ಕೇ ಇವತ್ತಿಗೂ ಅದನ್ನು ಓದುತ್ತಾರೆ.

ಶಿವಾಜಿನಗರದಲ್ಲೇ ಇರುವ ಇಂಜಿನಿಯರಿಂಗ್ ಕಾಲೇಜು, ಅಂದರೆ ಸಿಓಇಪಿ, ಶುರುವಾಗಿದ್ದು 1854ರಲ್ಲಿ. ನಮ್ಮ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಓದಿದ್ದು ಅಲ್ಲೇ. ಆಗ ಅದರ ಹೆಸರು ಕಾಲೇಜ್ ಆಫ್ ಸೈನ್ಸ್. ಅದಕ್ಕೆ ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಓದುವಾಗ ಮನೆಪಾಠ ಹೇಳಿ ತಮ್ಮ ಓದಿನ ಖರ್ಚು ನೋಡಿಕೊಂಡವರು ಅವರು. ಓದುವ ಹುಡುಗನೇ ಇನ್ನೊಬ್ಬರಿಗೆ ಹೇಳಿಕೊಡುವುದು ನಮಗೆ ಹೊಸದಲ್ಲ ಅನ್ನಲು ಇದನ್ನು ನೆನಪಿಸಿದೆ. ಹೇಳಿಕೊಡುವವನ ವಿಷಯವೂ ಗಟ್ಟಿಯಾಗುತ್ತದೆ, ಪಾಠ ಹೇಳಿದವರಿಗೆಲ್ಲ ಇದು ಗೊತ್ತು.

ಅಲ್ಲಿಂದ ಆಟೋ ಹಿಡಿದರೆ ಎಫ್‌ಸಿ ರೋಡು, ಫರ್ಗ್ಯೂಸನ್ ಕಾಲೇಜು. ನಾವು ವೈಶಾಲಿಯಲ್ಲಿ ದೋಸೆ ತಿಂದು ಆ ಗೇಟಿನ ಮುಂದೆ ಎಷ್ಟು ಸಲ ಹಾದು ಹೋಗಿದ್ದೇವೆ! ಧಾರವಾಡದಿಂದ ಬಂದ ದ.ರಾ. ಬೇಂದ್ರೆಯವರು ಅಲ್ಲಿ ಓದಿ 1918ರಲ್ಲಿ ಬಿಎ ಮುಗಿಸಿದರು. ಮನೆಮಾತು ಮರಾಠಿ, ಊರ ಮಾತು ಕನ್ನಡ, ಕಾಲೇಜಿನ ಮಾತು ಇಂಗ್ಲಿಷ್. ನಮ್ಮ ಮಕ್ಕಳ ಸ್ಥಿತಿಯೂ ಹೆಚ್ಚು ಕಡಿಮೆ ಇದೇ ಅಲ್ಲವೇ? ಧಾರವಾಡಕ್ಕೆ ಹೋದ ಮೇಲೆ 1922ರಲ್ಲಿ ಅವರ ಸುತ್ತ ಗೆಳೆಯರ ಗುಂಪು ಕೂಡಿಕೊಂಡಿತು. ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ಮುಗಳಿ ಇಂಥವರು ಅದರಲ್ಲಿದ್ದರು. ಮುಂದಿನ ವರ್ಷಗಳಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದ ವಿ.ಕೃ. ಗೋಕಾಕರೂ ಸೇರಿಕೊಂಡರು. ಬೇಂದ್ರೆ, ಗೋಕಾಕ ಇಬ್ಬರಿಗೂ ಜ್ಞಾನಪೀಠ ಬಂದಿದ್ದು ನಮಗೆಲ್ಲ ಗೊತ್ತು. ಜ್ಞಾನಪೀಠಕ್ಕೆ ಎಷ್ಟೋ ವರ್ಷ ಮುಂಚೆ ಅವರ ಬರಹಕ್ಕೆ ಗೆಳೆಯರ ಕಿವಿ ಸಿಕ್ಕಿತ್ತು ಅನ್ನುವುದು ನಾವು ನೆನಪಿಡಬೇಕಾದ ಮಾತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನದು ಇನ್ನೊಂದು ಉದಾಹರಣೆ. ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲ. ಎ.ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿ ಕರ್ಣಾಟಕ ಸಂಘ ಕಟ್ಟಿದರು. 1919ರಲ್ಲಿ ಸಂಘದಿಂದ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹೊರಟಿತು. ಕನ್ನಡದಲ್ಲಿ ಗಂಭೀರ ವಿಷಯ ಬರೆಯಬಹುದು ಎಂದು ತೋರಿಸಿದ ಪತ್ರಿಕೆಗಳಲ್ಲಿ ಅದೂ ಒಂದು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾಲಯ ವಹಿಸಿಕೊಂಡಿತು. ಆಮೇಲೆ ನಮ್ಮ ಕಾಲಕ್ಕೆ ಹತ್ತಿರ ಬಂದರೆ, ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ. ಚಿ. ಶ್ರೀನಿವಾಸರಾಜು ಮೇಷ್ಟ್ರು ಅದನ್ನು ಬೆಳೆಸಿದರು. ಬೇಂದ್ರೆಯವರ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ, ಆಯ್ದ ಕವನಗಳ ಪುಸ್ತಕ, ಕಡಿಮೆ ಬೆಲೆಗೆ ಮಾರಾಟ. ಸ್ಪರ್ಧೆಗೆ ಬರೆದ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಮುಂದೆ ಕನ್ನಡದ ಒಳ್ಳೆಯ ಕವಿಗಳಾದರು.

ಇವೆಲ್ಲ ಒಂದೇ ಥರದ ಸಂಸ್ಥೆಗಳಲ್ಲ ನಿಜ. ಒಂದು ಗೆಳೆಯರ ಕೂಟ, ಇನ್ನೊಂದು ಕಾಲೇಜಿನ ಸಂಘ, ನಮ್ಮದು ಮೆಸ್ಸಿನ ಟೇಬಲ್ಲು. ಆದರೆ ಎಲ್ಲ ಕಡೆಯೂ ಬರೆಯುವವರಿಗೆ ಪರೀಕ್ಷೆಯ ಭಯವಿಲ್ಲದ ಒಂದು ಜಾಗ ಸಿಕ್ಕಿತು, ಕೇಳುವ ಜನ ಸಿಕ್ಕರು. ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಗೆಳೆಯರ ಗುಂಪು ಅಂದಾಗ ನಾವು ಹೇಳುವ ಹೆಸರುಗಳೆಲ್ಲ ಗಂಡಸರವು. ಸಂಜೆ ಹೊತ್ತು ಯಾರದೋ ಮನೆಯ ಅಟ್ಟದ ಮೇಲೆ ಕೂತು ರಾತ್ರಿವರೆಗೆ ಪದ್ಯ ಓದುವ ಸ್ವಾತಂತ್ರ್ಯ ಆ ಕಾಲದ ಹೆಣ್ಣುಮಕ್ಕಳಿಗೆ ಎಲ್ಲಿತ್ತು? ನಮ್ಮ ಟೇಬಲ್ಲು ಹಾಸ್ಟೆಲ್ಲಿನ ಒಳಗೇ ಇದ್ದದ್ದರಿಂದ ನಮಗೆ ಆ ಅನುಕೂಲ ಸಿಕ್ಕಿತು. ಗೇಟು ಮುಚ್ಚಿದ ಮೇಲೂ ನಮ್ಮ ಟೇಬಲ್ಲು ಮುಚ್ಚುತ್ತಿರಲಿಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಪದ್ಧತಿ ಇದೆ. ನಾನು ಬರೆದ ಕೋಡ್ ಗಿರಾಕಿಗೆ ಹೋಗುವ ಮುಂಚೆ ನನ್ನ ಪಕ್ಕದ ಸಹೋದ್ಯೋಗಿ ಅದನ್ನು ನೋಡುತ್ತಾರೆ. ರಿವ್ಯೂ ಅನ್ನುತ್ತೇವೆ. ಒಳ್ಳೆಯ ರಿವ್ಯೂ ಮಾಡುವವರು ಕೋಡನ್ನು ತಾವೇ ಬದಲಾಯಿಸುವುದಿಲ್ಲ. "ಈ ಪಟ್ಟಿ ಖಾಲಿ ಇದ್ದರೆ ಏನಾಗುತ್ತದೆ?" ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ನಾನು ಹುಡುಕುವ ಉತ್ತರ ನನಗೆ ಜೀವನಪೂರ್ತಿ ಉಳಿಯುತ್ತದೆ. ಹಾಗೆ ಕೇಳಲು ಅವರು ನನಗಿಂತ ದೊಡ್ಡ ಪಂಡಿತರಾಗಿರಬೇಕಿಲ್ಲ. ಆ ದಾರಿಯಲ್ಲಿ ಒಮ್ಮೆ ಎಡವಿದ್ದರೆ ಸಾಕು.

ಈಗ ನನ್ನ ತಪ್ಪಿನ ಕಥೆ. ಆ ಟೇಬಲ್ಲು ಇವತ್ತಿಲ್ಲ.

ಸೋಲಾಪುರದ ಅಕ್ಕ ಓದು ಮುಗಿಸಿ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ನನಗೆ ಖುಷಿಯೋ ಖುಷಿ. ಎಲ್ಲರೂ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ನಾಲ್ಕನೆಯ ನಿಯಮ ನಾನೇ ಸಡಿಲ ಮಾಡಿದೆ. "ಹೊಸ ಹುಡುಗಿಯರಿಗೆ ಯಾಕೆ ತೊಂದರೆ, ನಾನೇ ಕೇಳುತ್ತೇನೆ ಬಿಡು" ಅಂದುಕೊಂಡೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅವರು ನನ್ನಷ್ಟು ಚೆನ್ನಾಗಿ ಮಾಡುವುದಿಲ್ಲ ಎಂಬ ಜಂಬವೂ ಇತ್ತು. ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟು, ಕ್ಯಾಂಪಸ್ ಇಂಟರ್‌ವ್ಯೂ ಎಲ್ಲ ಒಟ್ಟಿಗೆ ಬಂದವು. ಮಂಗಳವಾರ ತಪ್ಪಿತು, ಆಮೇಲೆ ಶುಕ್ರವಾರ. ನಾನು ಕೆಲಸಕ್ಕೆ ಸೇರಿದೆ. ಮರುವರ್ಷ ಹಾಸ್ಟೆಲ್ಲಿಗೆ ಹೋದಾಗ ಆ ಮೂಲೆಯಲ್ಲಿ ಹುಡುಗಿಯರು ಫೋನ್ ನೋಡುತ್ತಾ ಊಟ ಮಾಡುತ್ತಿದ್ದರು. ಅಲ್ಲಿ ಏನು ನಡೆಯುತ್ತಿತ್ತು ಅಂತ ಹೇಳಲು ಒಬ್ಬರಿಗೂ ಗೊತ್ತಿರಲಿಲ್ಲ.

ಕೇಂದ್ರದ ಹತ್ತಿರದ ಸೆನ್ಸರ್ ಬಗ್ಗೆ ಅಷ್ಟು ಚೆನ್ನಾಗಿ ವರದಿ ಬರೆದವಳು ನಾನೇ. ಎಲ್ಲರ ಭಾರ ಒಬ್ಬರೇ ಹೊತ್ತರೆ ಏನಾಗುತ್ತದೆ ಎಂದು ಗೊತ್ತಿದ್ದೂ ಹಾಗೇ ಮಾಡಿದೆ.

ವಿದ್ಯಾರ್ಥಿಗಳು ನಡೆಸುವ ಯಾವುದೇ ಸಂಸ್ಥೆಯ ಆಯಸ್ಸು ಇರುವುದು ಇದರಲ್ಲೇ. ಎಂಟೆಕ್ಕಿಗೆ ಎರಡು ವರ್ಷ, ಡಿಗ್ರಿಗೆ ಮೂರೋ ನಾಲ್ಕೋ ವರ್ಷ. ಅಷ್ಟರಲ್ಲಿ ಹಳೆಯವರೆಲ್ಲ ಖಾಲಿ. ಕಂಪನಿಯಲ್ಲಿ ರಾಜೀನಾಮೆ ಕೊಟ್ಟವರ ಕೈಲಿ ನೋಟಿಸ್ ಪೀರಿಯಡ್ಡಿನಲ್ಲಿ ಕೆಟಿ ಮಾಡಿಸುತ್ತಾರೆ, ಅಂದರೆ ಕೆಲಸದ ಗುಟ್ಟನ್ನೆಲ್ಲ ಮುಂದಿನವರಿಗೆ ದಾಟಿಸುವುದು. ಕಾಲೇಜಿನಲ್ಲಿ ಅದನ್ನು ಯಾರೂ ಮಾಡಿಸುವುದಿಲ್ಲ. ಪ್ರಬುದ್ಧ ಕರ್ಣಾಟಕದಂಥದ್ದು ಉಳಿದದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ್ದರಿಂದ. ನಮ್ಮದು ದಾಟಲಿಲ್ಲ.

ಆ ವಿಜಯಪುರದ ಹುಡುಗಿಗೆ ಅವತ್ತು ಏನು ಮಾಡಿದೆ ಅಂತ ನೀವು ಕೇಳಬಹುದು. ಲ್ಯಾಪ್‌ಟಾಪ್ ಮುಚ್ಚಿಸಿದೆ. ಚಹಾ ಕೊಟ್ಟು, "ನೀನು ಮಾಡಿದ್ದನ್ನ ನಮ್ಮ ಅತ್ತೆಯವರಿಗೆ ಕನ್ನಡದಾಗ ಹೇಳು" ಅಂದೆ. ಅವಳದು ಹೊಲದ ಮಣ್ಣಿನ ತೇವ ಅಳೆಯುವ ಪ್ರಾಜೆಕ್ಟು. ಅತ್ತೆಯವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಹೊಲ ಚೆನ್ನಾಗಿ ಗೊತ್ತು. "ಎರಿ ಮಣ್ಣಿಗೂ ಮಸಾರಿಗೂ ಒಂದ ಲೆಕ್ಕ ಹೆಂಗ ನಡೀತದವ್ವ?" ಎಂದು ಕೇಳಿದರು. ಹುಡುಗಿ ಐದು ನಿಮಿಷ ಸುಮ್ಮನಿದ್ದು, ಆಮೇಲೆ ಅರ್ಧ ಗಂಟೆ ಮಾತಾಡಿದಳು. ಅವಳ ವರದಿಯ ಅತ್ಯಂತ ಒಳ್ಳೆಯ ಭಾಗ ಆ ಪ್ರಶ್ನೆಯ ಉತ್ತರವೇ ಆಯಿತು. ಯಂತ್ರದ ಸಹಾಯ ಬೇಡ ಅಂತ ನಾನು ಹೇಳುವುದಿಲ್ಲ, ನಾನು ಅನ್ನ ತಿನ್ನುವುದೇ ಯಂತ್ರದಿಂದ. ಕಾಗುಣಿತ, ವ್ಯಾಕರಣ ಅದು ನೋಡಿಕೊಳ್ಳಲಿ. ಆದರೆ ಹೇಳಬೇಕಾದ ಮಾತು ಮೊದಲು ಅವಳ ಬಾಯಿಂದ ಬರಬೇಕು. ಅದಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕು.

ಈಗ ನನ್ನ ಬೇಡಿಕೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಓದಲು ಪುಣೆಗೆ ಬರುವ ಹೆಣ್ಣುಮಕ್ಕಳು ನಮ್ಮ ಕಣ್ಣ ಮುಂದೆ ಇದ್ದಾರೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೂ ಇದ್ದಾರೆ, ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಅಜ್ಜಿಗೆ ನಾಲ್ಕು ಸಾಲು ಬರೆಯಲು ಬರುವುದಿಲ್ಲ. ಒಬ್ಬರ ಕೊರತೆ ಇನ್ನೊಬ್ಬರ ಹತ್ತಿರ ತುಂಬಿ ಬರುತ್ತದೆ. ನಮ್ಮ ಸಂಘದ ಕೋಣೆ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಪ್ರತಿ ತಿಂಗಳ ಎರಡನೆಯ ಭಾನುವಾರ ಎರಡು ಗಂಟೆ ಅಲ್ಲಿ ಒಂದು ಬರವಣಿಗೆ ಕಟ್ಟೆ ಮಾಡೋಣ. ನಡೆಸುವುದು ವಿದ್ಯಾರ್ಥಿಗಳೇ. ನಾವು ಬಾಗಿಲು ತೆಗೆಯೋಣ, ಚಹಾ ಮಾಡೋಣ, ಕರೆದಾಗ ಕಿವಿ ಕೊಡೋಣ. ವರದಿ ತರಲಿ, ನೌಕರಿಯ ಅರ್ಜಿ ತರಲಿ, ಅಜ್ಜಿಗೆ ಬರೆದ ಪತ್ರವನ್ನೂ ತರಲಿ. ನಿಯಮ ಅದೇ ನಾಲ್ಕು. ಐದನೆಯದೊಂದು ಸೇರಿಸುತ್ತೇನೆ: ಕಟ್ಟೆ ನಡೆಸುವವಳು ಮೊದಲ ದಿನವೇ ಮುಂದಿನವಳ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಬೇಕು.

ಮೊದಲ ಹೆಸರು ಆ ವಿಜಯಪುರದ ಹುಡುಗಿಯದು, ಅವಳು ಒಪ್ಪಿದ್ದಾಳೆ. ಅವಳ ನಂತರದ ಹೆಸರಿನ ಜಾಗ ಖಾಲಿ ಇದೆ. ಇಲ್ಲಿರುವ ಯಾರ ಮನೆಯಲ್ಲಾದರೂ ಕಾಲೇಜಿಗೆ ಹೋಗುವ ಮಗಳು, ಸೊಸೆ, ಪೀಜಿಯಲ್ಲಿರುವ ಪರಿಚಯದ ಹುಡುಗಿ ಇದ್ದರೆ ಊಟದ ಹೊತ್ತಿನಲ್ಲಿ ನನಗೆ ಹೇಳಿ. ಬರೆಯಲು ಬರುವುದಿಲ್ಲ ಅನ್ನುವವರಾದರೆ ಇನ್ನೂ ಒಳ್ಳೆಯದು.

ರಿಜಿಸ್ಟರ್ ತಂದಿದ್ದೇನೆ, ಬಾಗಿಲ ಹತ್ತಿರ ಕುಂಕುಮದ ತಟ್ಟೆಯ ಪಕ್ಕ ಇಟ್ಟಿದ್ದೇನೆ. ಪೆನ್ನೂ ಅಲ್ಲೇ ಇದೆ.